ಆಣೆ ಹಾಕಿಸಿದವನ ಪಾಲು

2013ರ ಉಗಾದಿಗೆ ಬೇವೂರಿಗೆ ಹೋಗಿದ್ದೆ. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. ಊರಿನ ಬಿ.ಇ. ಹುಡುಗ, ಹೊಸ ಸಂಬಳ, ಎಲ್ಲರಿಗೂ ಬುದ್ಧಿ ಹೇಳುವ ಉಮೇದು. ಹಬ್ಬದ ದಿನ ಎಲ್ಲರೂ ಬೇವು ಕುಡಿದು ಹೋಳಿಗೆ ಉಂಡರೆ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಸಂಜೆ ಹೊತ್ತಿಗೆ ಅಗಸಿ ಹತ್ತಿರ ಬಿದ್ದಿದ್ದ. ನಾನೂ ಅಪ್ಪನೂ ಎತ್ತಿಕೊಂಡು ಬಂದೆವು. ಮರುದಿನ ಮುಂಜಾನೆ, ಅವನು ಮನೆ ಬಿಡುವ ಮೊದಲೇ, ಎಲ್ಲರನ್ನೂ ಪಡಸಾಲೆಗೆ ಕರೆದು ಕೂರಿಸಿದೆ.

"ಕಾಕಾ, ಮಗಳ ತಲಿ ಮುಟ್ಟಿ ಆಣಿ ಮಾಡು. ಇವತ್ತಿಂದ ಮುಟ್ಟಂಗಿಲ್ಲ ಅನ್ನು."

ಮಗಳಿಗೆ ಆಗ ಏಳು ವರ್ಷ. ಕಾಕಾ ಅವಳ ತಲೆ ಮೇಲೆ ಕೈ ಇಟ್ಟ. ಕೈ ನಡುಗುತ್ತಿತ್ತು. ನಾಚಿಕೆಗೆ ನಡುಗುತ್ತಿದೆ ಅಂದುಕೊಂಡೆ. "ಮುಟ್ಟಂಗಿಲ್ಲ ತಮ್ಮಾ" ಅಂದ. ಚಿಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪ ನನ್ನ ಕಡೆ ಹೆಮ್ಮೆಯಿಂದ ನೋಡಿದ. ರಾತ್ರಿ ಬಾಗಲಕೋಟೆಯಿಂದ ಬಸ್ ಹತ್ತಿದೆ. ಒಂದು ದೊಡ್ಡ ಕೆಲಸ ಮುಗಿಸಿದೆ ಅನ್ನುವ ಸಮಾಧಾನದಲ್ಲಿ ಬೆಂಗಳೂರು ಬರುವವರೆಗೂ ಚೆನ್ನಾಗಿ ನಿದ್ದೆ ಮಾಡಿದೆ.

ಮೂರನೇ ದಿನ ಅಪ್ಪನ ಫೋನ್. "ನಿಮ್ಮ ಕಾಕಾಗ ಏನೋ ಆಗೈತಿ. ಮಂದಿ ಗುರ್ತಾ ಹಿಡಿಯವಲ್ಲ. ಕೌದಿ ಮ್ಯಾಲೆ ಇರುವಿ ಹರದಾಡ್ತಾವ ಅಂತ ಜಾಡಿಸಾಕತ್ತಾನ." ಹಿಂದಿನ ರಾತ್ರಿ ಅವನಿಗೆ ಫಿಟ್ಸ್ ಬಂದಿತ್ತಂತೆ. ಅಜ್ಜಿಗೆ ನಾವು ಆಯಿ ಅಂತೀವಿ. ದೆವ್ವ ಬಡಕೊಂಡೈತಿ ಅಂತ ಆಯಿ ಅಂತ್ರ ಕಟ್ಟಿಸಿಕೊಂಡು ಬಂದಿದ್ದಳು. ಕೊನೆಗೆ ಕಾಕಾನ ಕುಡಿತದ ಗೆಳೆಯನೊಬ್ಬ ಬಾಗಿಲಲ್ಲಿ ನಿಂತು ಹೇಳಿದನಂತೆ: "ಒಂದು ನೈಂಟಿ ಹಾಕ್ರಿ, ಸರಿ ಹೊಕ್ಕಾನ." ಹಾಕಿದರು. ಸ್ವಲ್ಪ ಹೊತ್ತಿಗೆ ತಣ್ಣಗಾದ.

ಅವತ್ತು ನನಗೆ ಬಂದದ್ದು ಭಯ ಅಲ್ಲ, ಸಿಟ್ಟು. ಮೂರು ದಿನ ಕೂಡ ತಡೆಯಲಿಕ್ಕೆ ಆಗಲಿಲ್ಲವಲ್ಲ, ಮಗಳ ತಲೆ ಮುಟ್ಟಿ ಹೇಳಿದ ಮಾತಿಗೆ ಇಷ್ಟೇನಾ ಬೆಲೆ ಅಂತ. ಆಮೇಲೆ ಆರು ತಿಂಗಳು ಅವನ ಜೊತೆ ಮಾತು ಬಿಟ್ಟೆ.

ಅವತ್ತು ಏನಾಗಿತ್ತು ಅನ್ನೋದು ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು. ನನ್ನ ಹಾಸ್ಟೆಲ್ ದಿನಗಳ ಗೆಳೆಯನೊಬ್ಬ ಈಗ ಡಾಕ್ಟರ್. ಅವನು ಬಿಡಿಸಿ ಹೇಳಿದ. ಕುಡಿತ ಮಿದುಳಿಗೆ ಬ್ರೇಕ್ ಇದ್ದಂತೆ. ವರ್ಷಗಟ್ಟಲೆ, ದಿನಗಟ್ಟಲೆ ಬ್ರೇಕ್ ಒತ್ತಿಕೊಂಡೇ ಇದ್ದರೆ ಮಿದುಳು ಅದಕ್ಕೆ ಸರಿಗಟ್ಟಲು ಆಕ್ಸಿಲರೇಟರ್ ಒತ್ತುವುದನ್ನು ಕಲಿಯುತ್ತದೆ. ಒಂದು ದಿನ ಏಕಾಏಕಿ ಬ್ರೇಕ್ ತೆಗೆದರೆ ಆಕ್ಸಿಲರೇಟರ್ ಮಾತ್ರ ಉಳಿಯುತ್ತದೆ. ಮೊದಲ ದಿನ ಕೈ ನಡುಕ, ಬೆವರು. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು. ಇದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಅಂತ ಹೆಸರು. ಚಿಕಿತ್ಸೆ ಇಲ್ಲದಿದ್ದರೆ ಜೀವವೇ ಹೋಗಬಹುದು. ಚಿಕಿತ್ಸೆ ಅಂದರೆ ಬಹಳ ದೊಡ್ಡದೇನಲ್ಲ. ವೈದ್ಯರ ಕಣ್ಗಾವಲಿನಲ್ಲಿ ಕೆಲವು ದಿನ ಕೊಟ್ಟು ನಿಧಾನವಾಗಿ ಇಳಿಸುವ ಮಾತ್ರೆ, ಜೊತೆಗೆ ಥಯಾಮಿನ್ ಅನ್ನುವ ಬಿ1 ವಿಟಮಿನ್.

ಅಂದರೆ ಪಡಸಾಲೆಯಲ್ಲಿ ನಡುಗಿದ್ದ ಕೈ ನಾಚಿಕೆಯದಲ್ಲ. ಅದು ಬೆಳಗಿನ ಮೊದಲ ಗುಟುಕು ಸಿಗದ ದೇಹದ ನಡುಕ. ಅದನ್ನು ಕಂಡೂ ನಾನು ಆಣೆ ಹಾಕಿಸಿದೆ, ಬಸ್ ಹತ್ತಿದೆ. ಬಿ.ಇ. ಓದಿದ ನನಗೆ ಗೊತ್ತಿಲ್ಲದ ಸಂಗತಿ ಬಾಗಿಲಲ್ಲಿ ನಿಂತ ಕುಡುಕನಿಗೆ ಗೊತ್ತಿತ್ತು.

ಆಣೆ ಮುರಿದದ್ದು ಕಾಕಾನನ್ನು ಇನ್ನಷ್ಟು ಕೆಡಿಸಿತು. ಆ ವರ್ಷ ಮಳೆಗಾಲದಲ್ಲಿ ಮಗಳಿಗೆ ವಿಪರೀತ ಜ್ವರ ಬಂತು. ತನ್ನ ಆಣೆಯೇ ತಟ್ಟಿದೆ ಅಂತ ಅವನು ನಂಬಿದ. ಅವಳು ಹುಷಾರಾದಳು, ಅವನು ಆಗಲಿಲ್ಲ. "ಮಗಳ ತಲಿ ಮ್ಯಾಲಿನ ಆಣಿನೇ ಮುರದೀನಿ. ಇನ್ನೇನು ಉಳೀತು ಬಿಡಾಕ" ಅಂತ ಚಿಗವ್ವನ ಮುಂದೆ ಅಂದಿದ್ದನಂತೆ. ಮುಂದಿನ ಮೂರು ವರ್ಷದಲ್ಲಿ ಕಾಮಾಲೆ, ಹೊಟ್ಟೆ ಊತ ಅಂತ ಮೂರು ಸಲ ಆಸ್ಪತ್ರೆ ಸೇರಿದ. ಮೂರೂ ಸಲ ಡಿಸ್ಚಾರ್ಜ್ ಕಾರ್ಡಿನ ಕೊನೆಯಲ್ಲಿ ಒಂದೇ ಸಾಲು: ಕುಡಿಯುವುದನ್ನು ಬಿಡಬೇಕು. ಹೇಗೆ ಬಿಡಬೇಕು, ಯಾರ ಹತ್ತಿರ ಹೋಗಬೇಕು ಅನ್ನೋದು ಇರಲಿಲ್ಲ. 2016ರ ಶ್ರಾವಣದಲ್ಲಿ ತೀರಿಕೊಂಡ. ನಲವತ್ತೆರಡು ವರ್ಷ.

ನಾನು ಬರೆಯಬೇಕೆಂದಿರುವುದು ಕಾಕಾನ ಬಗ್ಗೆ ಮಾತ್ರ ಅಲ್ಲ. ಒಬ್ಬ ಮನುಷ್ಯ ಕುಡಿದು ಕುಡಿದು ಸತ್ತರೆ ತಪ್ಪು ಯಾರದು ಅನ್ನುವ ಹಳೇ ಪ್ರಶ್ನೆಯ ಬಗ್ಗೆ. ಕುಡಿತ ಚಟವೋ, ರೋಗವೋ? ಚಟ ಅಂದರೆ ತಪ್ಪು ಅವನದೇ. ರೋಗ ಅಂದರೆ ಅವನ ತಪ್ಪೇ ಇಲ್ಲ. ಬೆಂಗಳೂರಿನಲ್ಲಿ ಓದಿಕೊಂಡವರ ನಡುವೆ ರೋಗ ಅನ್ನುವುದೇ ಈಗ ಸಭ್ಯ ಉತ್ತರ. ಒಂದು ಸಲ ಊರಿಗೆ ಹೋದಾಗ ಅದನ್ನೇ ಚಿಗವ್ವನಿಗೆ ಹೇಳಿದೆ: "ಅದು ರೋಗ ಚಿಗವ್ವ. ಕಾಕಾನ ತಪ್ಪಲ್ಲ." ಜೋಳ ಹಸನು ಮಾಡುತ್ತಿದ್ದವಳು ಮರ ಕೆಳಗಿಟ್ಟು ಕೇಳಿದಳು: "ಹಂಗಾರ ನನ್ನ ಹೊಡದದ್ದೂ ರೋಗನೇನು?"

ಉತ್ತರ ಕೊಡಲಿಕ್ಕೆ ಆಗಲಿಲ್ಲ. ಇವತ್ತಿಗೂ ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಈ ವಿಷಯ ಯೋಚಿಸಲು ಆಗುವುದಿಲ್ಲ.

ನನಗೆ ಅನ್ನಿಸುವುದು ಇದು. ತಪ್ಪು ಬೇರೆ, ಹೊಣೆ ಬೇರೆ. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಬಂದದ್ದು ಅವನ ತಪ್ಪು ಅಂತ ಯಾರೂ ಅನ್ನುವುದಿಲ್ಲ. ಆದರೆ ದಿನಾ ಮಾತ್ರೆ ನುಂಗುವ ಹೊಣೆ ಅವನದೇ, ಅದನ್ನು ನೆನಪಿಸುವ ಹೊಣೆ ಅವ್ವನದು, ಬರೆದುಕೊಡುವ ಹೊಣೆ ಡಾಕ್ಟರದು. ಕಾಕಾನ ಮಿದುಳು ಕುಡಿತ ಬೇಡುತ್ತಿದ್ದದ್ದು ರೋಗ. ಚಿಗವ್ವನ ಮೇಲೆ ಕೈ ಎತ್ತಿದ್ದಕ್ಕೆ ಅವನು ಉತ್ತರ ಕೊಡಲೇಬೇಕಿತ್ತು. ಇವೆರಡನ್ನೂ ಒಟ್ಟಿಗೆ ಹಿಡಿಯಬೇಕು. ಕಷ್ಟ ಏನೆಂದರೆ ಇವೆರಡನ್ನೂ ಒಬ್ಬನೇ ಹಿಡಿಯಲಾರ. ಫಿಟ್ಸ್ ನೋಡುವ ಡಾಕ್ಟರ್ ಚಿಗವ್ವನಿಗೆ ನ್ಯಾಯ ಕೊಡಿಸಲಾರ. ನ್ಯಾಯ ಹೇಳುವ ಹಿರಿಯರು ಫಿಟ್ಸ್ ನಿಲ್ಲಿಸಲಾರರು.

ಆಫೀಸಿನಲ್ಲಿ ಕೆಲಸ ಮಾಡುವ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಬಗ್ ಬರುತ್ತದೆ. ಫ್ರಂಟೆಂಡ್ ತಂಡ ನೋಡಿ "ನಮ್ಮದಲ್ಲ" ಅಂತ ಬ್ಯಾಕೆಂಡಿಗೆ ಕಳಿಸುತ್ತದೆ. ಅವರು ಡೇಟಾಬೇಸ್ ತಂಡಕ್ಕೆ, ಅವರು ನೆಟ್‌ವರ್ಕ್ ತಂಡಕ್ಕೆ. ಪ್ರತಿಯೊಬ್ಬರೂ ತಮ್ಮ ಮಾಡ್ಯೂಲ್ ಸರಿಯಿದೆ ಅಂತ ಬರೆದು ಟಿಕೆಟ್ ಕೈ ಬಿಡುತ್ತಾರೆ. ಯಾರೂ ಸುಳ್ಳು ಹೇಳಿರುವುದಿಲ್ಲ. ಗ್ರಾಹಕನ ಕೆಲಸ ಮಾತ್ರ ನಿಂತೇ ಇರುತ್ತದೆ. ಕಾಕಾ ಅಂಥ ಟಿಕೆಟ್ ಆಗಿದ್ದ. ಆಸ್ಪತ್ರೆ ಅವನ ಲಿವರ್ ನೋಡಿತು. ಹಿರಿಯರು ಅವನ ಮರ್ಯಾದೆ ನೋಡಿದರು. ಆಯಿ ದೆವ್ವ ನೋಡಿದಳು. ನಾನು ಅವನ ಮಾತಿನ ಬೆಲೆ ನೋಡಿದೆ. ಸರ್ಕಾರ ತೆರಿಗೆ ನೋಡಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ನಮ್ಮ ಮನೆಯಲ್ಲಿ ಎಲ್ಲರೂ ದೇವರಿಗೆ ಕೈ ಮುಗಿದಿದ್ದರು. ಕಾಕಾ ಪಾಕೀಟು ಬಿಟ್ಟು ಅಗ್ಗದ ವಿಸ್ಕಿಗೆ ಹೋದ, ಅಷ್ಟೇ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಅದರಲ್ಲಿ ಕಾಕಾನಂಥವರ ಪಾಲೆಷ್ಟು, ಅವರಿಗೆ ವಾಪಸ್ ಬರುವುದೆಷ್ಟು ಅಂತ ಬಜೆಟ್ ದಿನ ಯಾರೂ ಕೇಳುವುದಿಲ್ಲ.

ಹಾಗಂತ ಇದು ಕಾಕಾ ಒಬ್ಬನ ಕಥೆಯೂ ಅಲ್ಲ. ಕೇಂದ್ರ ಸರ್ಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿತದಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ಸುಮಾರು 5.7 ಕೋಟಿ. ಕುಡಿತಕ್ಕೆ ಪೂರ್ತಿ ದಾಸರಾದವರಲ್ಲಿ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದ್ದು 38 ಮಂದಿಯಲ್ಲಿ ಒಬ್ಬರಿಗೆ. ಒಳರೋಗಿಯಾಗಿ ಚಿಕಿತ್ಸೆ ಸಿಕ್ಕಿದ್ದು 180ರಲ್ಲಿ ಒಬ್ಬರಿಗೆ.

ಈಗ ನಮ್ಮ ಸೀಮೆಯ ಒಂದು ಮಾತು ಹೇಳಬೇಕು. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಒಂದು ಜೋಳಿಗೆ ಹಿಡಿದು ಹೊರಟರು. ಮಹಾಂತ ಜೋಳಿಗೆ ಅಂತಲೇ ಹೆಸರಾಯಿತು. ಅವರು ಕಾಳು ಬೇಡಲಿಲ್ಲ, ರೊಕ್ಕ ಬೇಡಲಿಲ್ಲ. ನಿಮ್ಮ ದುಶ್ಚಟ ಹಾಕಿರಿ ಅಂದರು. ಊರೂರು, ಕೇರಿ ಕೇರಿ ತಿರುಗಿದರು. ಜನ ಬೀಡಿ, ತಂಬಾಕು, ಗುಟ್ಕಾ ಚೀಟಿ ಅದರೊಳಗೆ ಹಾಕಿ ಮಾತು ಕೊಡುತ್ತಿದ್ದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಇಂಜಿನಿಯರಿಂಗ್ ಓದುವಾಗ ಇದೆಲ್ಲ ಭಾವುಕತೆ ಅಂತ ನಕ್ಕವನು ನಾನು. ಈಗ ಆ ಜೋಳಿಗೆಯಲ್ಲಿ ಬೇರೆಯೇ ಒಂದು ವಿವೇಕ ಕಾಣುತ್ತದೆ. ಅಲ್ಲಿ ಬೇಡುವವರು ಸ್ವಾಮಿಗಳು, ಕೊಡುವವನು ಕುಡುಕ. ಊರಲ್ಲಿ ಎಲ್ಲರಿಂದ ಬೈಸಿಕೊಂಡವನ ಮುಂದೆ ಒಬ್ಬ ದೊಡ್ಡ ಮನುಷ್ಯ ಕೈಯೊಡ್ಡಿ ನಿಲ್ಲುತ್ತಾರೆ. ನಿನ್ನ ಹತ್ತಿರ ಕೊಡುವಂಥದ್ದು ಇದೆ ಅಂತ ಅವನಿಗೆ ಹೇಳುತ್ತಾರೆ. ನಾನು ಕಾಕಾನ ಹತ್ತಿರ ಕೇಳಿದ್ದು ಹಾಗಲ್ಲ. ನಾನು ಕಿತ್ತುಕೊಂಡೆ, ಅದೂ ಒಂದು ಮಗುವಿನ ತಲೆ ಅಡ ಇಡಿಸಿ.

ಆದರೆ ಬರೀ ಜೋಳಿಗೆಯೂ ಸಾಲದು. ಬೀಡಿ ಬಿಟ್ಟವನಿಗೆ ತಲೆನೋವು ಬರಬಹುದು, ಸಿಟ್ಟು ಬರಬಹುದು. ಹತ್ತು ವರ್ಷ ದಿನಾ ಬೆಳಿಗ್ಗೆಯಿಂದ ಕುಡಿದವನು ಒಂದೇ ಏಟಿಗೆ ಬಿಟ್ಟರೆ ಮೂರನೇ ದಿನ ಅವನ ಪಕ್ಕ ಡಾಕ್ಟರ್ ಇರಬೇಕು, ಮೂರನೇ ತಿಂಗಳು ಮಾತಾಡಿಸುವವರು ಯಾರಾದರೂ ಇರಬೇಕು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರನ್ನು ಆಮೇಲೆ ನವಜೀವನ ಸಮಿತಿಗಳಲ್ಲಿ ಒಟ್ಟು ಸೇರಿಸುತ್ತಾರೆ. ಶಿಬಿರಕ್ಕಿಂತ ಆ ಸಮಿತಿಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಬಿಟ್ಟ ದಿನಕ್ಕೆ ಹಾರ ಹಾಕುವವರು ಬೇಕಾದಷ್ಟು ಮಂದಿ. ಬಿಟ್ಟ ಮೇಲಿನ ಮಂಗಳವಾರ, ಬುಧವಾರಕ್ಕೆ ಜನ ಬೇಕು.

ಡಾಕ್ಟರುಗಳೇ ಇಲ್ಲದ ಕಡೆ ಏನು ಮಾಡೋದು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದವರು ನಮ್ಮ ಉತ್ತರ ಕರ್ನಾಟಕದಲ್ಲೇ ಇದ್ದರು. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರುಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಮಾಮೂಲಿ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡುವುದನ್ನು ಕಲಿಸಿದರು. ರೋಗಿ ಬೆಂಗಳೂರಿಗೆ ಬರುವುದರ ಬದಲು ಬೆಂಗಳೂರಿನ ತಿಳಿವಳಿಕೆ ಅವನ ಊರಿಗೆ ಹೋಗಲಿ ಅನ್ನುವುದು ಅದರ ಹಿಂದಿನ ಯೋಚನೆ. ಬಳ್ಳಾರಿ ಮಾದರಿ ಅಂತಲೇ ಹೆಸರಾಗಿ, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಹದಿಯಾಯಿತು.

ಇನ್ನೊಂದು ನಮಗೆ ಹತ್ತಿರದ ಗೋವಾದ್ದು. ನಮ್ಮ ಕಡೆಯಿಂದ ಗೋವಾಕ್ಕೆ ದುಡಿಯಲು ಹೋದವರಿಗೆ ಲೆಕ್ಕವಿಲ್ಲ. ಕಾಕಾ ಕೂಡ ಮದುವೆಗೆ ಮೊದಲು ನಾಲ್ಕು ವರ್ಷ ಅಲ್ಲಿ ಗೌಂಡಿ ಕೆಲಸ ಮಾಡಿದ್ದ, ಕುಡಿತ ಹತ್ತಿದ್ದೂ ಅಲ್ಲೇ. ಆಮೇಲಿನ ವರ್ಷಗಳಲ್ಲಿ ಸಂಗಾತ್ ಅನ್ನುವ ಸಂಸ್ಥೆಯ ಸಂಶೋಧಕರು ಅದೇ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಅಧ್ಯಯನ ನಡೆಸಿದರು. ವೈದ್ಯಕೀಯ ಪದವಿ ಇಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಕುಡಿತ ಅಪಾಯದ ಗೆರೆ ದಾಟಿದ, ಆದರೆ ಇನ್ನೂ ಪೂರ್ತಿ ದಾಸರಾಗದ 377 ಗಂಡಸರನ್ನು ಆರಿಸಿದರು. ಅವರಲ್ಲಿ ಅರ್ಧದಷ್ಟು ಮಂದಿಯ ಜೊತೆ ಈ ತರಬೇತಿ ಪಡೆದವರು ಕೆಲವೇ ಸಲ ಕೂತು ಮಾತಾಡಿದರು. ಮೂರು ತಿಂಗಳ ನಂತರ ಮಾತಾಡಿಸಿಕೊಂಡವರಲ್ಲಿ 36 ಶೇಕಡ ಮಂದಿ ಅಪಾಯದ ಗೆರೆಯಿಂದ ಕೆಳಗಿಳಿದಿದ್ದರು. ಮಾಮೂಲಿ ಚಿಕಿತ್ಸೆ ಸಿಕ್ಕವರಲ್ಲಿ 26 ಶೇಕಡ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಪವಾಡ ಏನಲ್ಲ, ನೂರರಲ್ಲಿ ಹತ್ತು ಮಂದಿ ಹೆಚ್ಚು, ಅಷ್ಟೇ. ಆದರೆ ಆ ಹತ್ತು ಮಂದಿಗೂ ಚಿಗವ್ವನಂಥವರು ಇರುತ್ತಾರಲ್ಲ. ಕಾಕಾ ಇಪ್ಪತ್ತೆರಡರ ಹುಡುಗನಾಗಿ ಅಲ್ಲಿ ಇಟ್ಟಿಗೆ ಕಟ್ಟುತ್ತಿದ್ದಾಗ ಹೀಗೆ ಯಾರಾದರೂ ಒಬ್ಬರು ಬೈಯದೆ ಕೂತು ಕೇಳಿದ್ದರೆ ಅನ್ನಿಸದೆ ಇರುವುದಿಲ್ಲ.

ಮೂರನೆಯದು ನಮ್ಮ ಲೋಕದ ಭಾಷೆಯಲ್ಲೇ ಇದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸಂಜೀವ್ ಅರೋರಾ ಅನ್ನುವ ಲಿವರ್ ತಜ್ಞರು 2003ರಲ್ಲಿ ಎಕೋ ಅನ್ನುವ ಪದ್ಧತಿ ಶುರುಮಾಡಿದರು. ದೂರದ ಹಳ್ಳಿಗಳ ಡಾಕ್ಟರುಗಳು ವಿಡಿಯೋದಲ್ಲಿ ಸೇರಿ, ತಮ್ಮ ರೋಗಿಯ ಹೆಸರು ಹೇಳದೆ ಕೇಸ್ ಇಡುತ್ತಾರೆ. ತಜ್ಞರೂ ಉಳಿದ ಡಾಕ್ಟರುಗಳೂ ಸೇರಿ ಚರ್ಚಿಸುತ್ತಾರೆ. ರೋಗಿ ತನ್ನ ಡಾಕ್ಟರ್ ಹತ್ತಿರವೇ ಉಳಿಯುತ್ತಾನೆ. ನಿಮ್ಹಾನ್ಸ್ ಇದೇ ಪದ್ಧತಿಯನ್ನು ವ್ಯಸನದ ಚಿಕಿತ್ಸೆಗೆ ತಂದು ಬೇರೆ ಬೇರೆ ರಾಜ್ಯಗಳ ಡಾಕ್ಟರುಗಳಿಗೆ ಕಲಿಸುತ್ತಿದೆ. ನಾವು ದಿನಾ ಬೆಳಿಗ್ಗೆ ಗೊಣಗುತ್ತಾ ಸೇರುವ ಕಾಲ್ ಇದೆಯಲ್ಲ, ಅಂಥದ್ದೇ ಒಂದು ಕಾಲ್ ಯಾರದೋ ಫಿಟ್ಸ್ ತಪ್ಪಿಸುತ್ತದೆ.

ಇಷ್ಟು ಓದುತ್ತಾ ಹೋದಾಗ ಆಡಿಟ್ ಅನ್ನುವ ಪ್ರಶ್ನಾವಳಿ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ ಆರು ದೇಶಗಳ ಸಂಶೋಧಕರನ್ನು ಸೇರಿಸಿ ತಯಾರಿಸಿದ ಹತ್ತು ಪ್ರಶ್ನೆಗಳು. ಎಷ್ಟು ಸಲ ಕುಡಿಯುತ್ತೀರಿ, ಶುರುಮಾಡಿದ ಮೇಲೆ ನಿಲ್ಲಿಸಲಾಗದ್ದು ಇದೆಯೇ, ಬೆಳಿಗ್ಗೆ ಎದ್ದ ತಕ್ಷಣ ಬೇಕೆನಿಸುತ್ತದೆಯೇ, ಹಿಂದಿನ ರಾತ್ರಿಯದು ನೆನಪಿಲ್ಲದ್ದು ಇದೆಯೇ, ಹೀಗೆ. ಒಟ್ಟು 40 ಅಂಕ. 8 ಮುಟ್ಟಿದರೆ ಎಚ್ಚರಿಕೆ, 20 ಮುಟ್ಟಿದರೆ ದಾಸನಾಗಿರುವ ಸಂಭವ ಹೆಚ್ಚು. ಮೊದಲು ಕಾಕಾನ ಪರವಾಗಿ, ನೆನಪಿನಿಂದ, ಉತ್ತರ ತುಂಬಿದೆ. 34 ಬಂತು. ಆಮೇಲೆ ಸುಮ್ಮನೆ ನನ್ನದೂ ತುಂಬಿದೆ.

9.

ನಾನು ಕುಡಿಯುತ್ತೇನೆ ಅಂತ ಇಲ್ಲಿವರೆಗೆ ಹೇಳಿರಲಿಲ್ಲ, ಅಲ್ಲವೇ? ಶುಕ್ರವಾರ ಕೋರಮಂಗಲದಲ್ಲಿ ತಂಡದ ಜೊತೆ, ರಿಲೀಸ್ ಮುಗಿದಾಗ, ಅಪ್ರೈಸಲ್ ಕೈಕೊಟ್ಟಾಗ. ನಾವು ಇದಕ್ಕೆ ಕುಡಿತ ಅನ್ನುವುದಿಲ್ಲ. ಡ್ರಿಂಕ್ಸ್ ಅನ್ನುತ್ತೇವೆ. ಅಗಸಿ ಹತ್ತಿರ ಬಿದ್ದವನು ಕುಡುಕ, ಕ್ಯಾಬ್‌ನಲ್ಲಿ ಮನೆ ಸೇರಿದವನು ಸೋಶಿಯಲ್ ಡ್ರಿಂಕರ್. ನಮ್ಮ ನಡುವೆ ವ್ಯತ್ಯಾಸ ಇಲ್ಲ ಅಂತ ಹೇಳುತ್ತಿಲ್ಲ. 9ಕ್ಕೂ 34ಕ್ಕೂ ಬಹಳ ವ್ಯತ್ಯಾಸ ಇದೆ. ಆದರೆ ಕಾಕಾನೂ ಒಂದು ಕಾಲಕ್ಕೆ 9ರಲ್ಲಿ ಇದ್ದಿರಬೇಕು. ಆಗ ಅವನಿಗೆ ಸಿಗದಿದ್ದದ್ದು ನನಗೆ ಸಿಕ್ಕಿದೆ: ಫೋನ್‌ನಲ್ಲಿ ಪ್ರಶ್ನಾವಳಿ, ಡಾಕ್ಟರ್ ಗೆಳೆಯ, ವಿಮೆ, ಗುಟ್ಟು ಕಾಪಾಡುವ ಊರು.

ಹಾಗಾದರೆ ಆಣೆ ಹಾಕಿಸಿದವನ ಪಾಲು ಏನು? ಕಾಕಾನನ್ನು ನಾನೇ ಕೊಂದೆ ಅಂತ ಎದೆ ಬಡಿದುಕೊಳ್ಳುವುದೂ ಒಂದು ತರಹದ ಜಂಭವೇ. ನನ್ನ ತಪ್ಪು ಅಷ್ಟು ದೊಡ್ಡದಲ್ಲ, ಆದರೆ ಸ್ಪಷ್ಟವಾದದ್ದು. ಇನ್ನೊಬ್ಬರ ಹತ್ತಿರ ಮಾತು ತೆಗೆದುಕೊಂಡವನಿಗೆ ಆ ಮಾತು ಉಳಿಯುವಂತೆ ನೋಡಿಕೊಳ್ಳುವ ಕೆಲಸವೂ ಬರುತ್ತದೆ. ಮಾತು ಮುರಿದಾಗ ವಾಪಸ್ ಬರಲು ಬಾಗಿಲು ತೆರೆದಿಡುವ ಕೆಲಸವೂ ಬರುತ್ತದೆ. ಅದು ಆಗದಿದ್ದರೆ ಆಣೆ ಹಾಕಿಸಬಾರದು. ನಾನು ಮಾತು ತೆಗೆದುಕೊಂಡೆ, ಬಸ್ ಹತ್ತಿದೆ, ಮುರಿದಾಗ ಆರು ತಿಂಗಳು ಬಾಗಿಲು ಹಾಕಿದೆ. ಡಿಸ್ಚಾರ್ಜ್ ಕಾರ್ಡಿನ ಕೊನೆಯ ಸಾಲಿಗೂ ನನ್ನ ಆಣೆಗೂ ವ್ಯತ್ಯಾಸ ಇರಲಿಲ್ಲ.

ನಿಮ್ಮ ಮನೆಯಲ್ಲಿ, ಪಿ.ಜಿ.ಯಲ್ಲಿ, ತಂಡದಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ದಿನಾ ಕುಡಿಯುವವರನ್ನು ಏಕಾಏಕಿ ಬಿಡಿಸಲು ಹೋಗಬೇಡಿ, ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಯಾರ ಹತ್ತಿರ ಅಂತ ಗೊತ್ತಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಕಾಕಾನ ಮಗಳು ಈಗ ಬಾಗಲಕೋಟೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಅದೇ ಪಡಸಾಲೆಯಲ್ಲಿ ಕೇಳಿದಳು: "ಅಣ್ಣಾ, ನೀನೂ ಕುಡೀತೀಯಲ್ಲ?" ಹೌದು ಅಂದೆ. 9ರ ಲೆಕ್ಕವನ್ನೂ ಹೇಳಿದೆ. ಆಣೆ ಹಾಕಿಸುತ್ತಾಳೇನೋ ಅಂತ ಕಾದೆ. ಯಾಕೋ ಹಾಕಿಸಿದರೆ ಚೆನ್ನಾಗಿತ್ತು ಅಂತಲೂ ಅನ್ನಿಸಿತು.

"ಆಣಿಗೀಣಿ ಬ್ಯಾಡ" ಅಂದಳು. "ಐತವಾರಕ್ಕೊಮ್ಮೆ ಫೋನ್ ಮಾಡ್ತೀನಿ. ಎಷ್ಟು ಕುಡದಿ ಅಂತ ಖರೇ ಹೇಳಬೇಕು, ಅಷ್ಟ."

ಪ್ರತಿ ಐತವಾರ ಮಾಡುತ್ತಾಳೆ. ಒಂದೆರಡು ಸಲ ನಾನು ಫೋನ್ ಎತ್ತಿಲ್ಲ. ಮರುದಿನ ಮತ್ತೆ ಮಾಡಿದ್ದಾಳೆ.